ನಾಲ್ಕು ಲಕ್ಷ ಕಿಲೋಮೀಟರಿನ ಕುದುರೆ

ಅರ್ವಾಯ್‌ಹೇರ್
14 ಮೇ 2017

ಗೊಂಬೊ ಅಣ್ಣನಿಗೆ,

ವಸಂತವನ್ನು ಸುಖವಾಗಿ ದಾಟಿದೆಯಾ? ಧೂಳುಗಾಳಿ ನಿನ್ನ ಪೊರೆಗಣ್ಣಿಗೆ ಹೆಚ್ಚು ಕಾಟ ಕೊಡಲಿಲ್ಲ ತಾನೆ? ಇಲ್ಲಿ ಕಳೆದ ವಾರವೂ ಹಿಮ ಬಿತ್ತು. ಖಂದಾ ಚೆನ್ನಾಗಿದ್ದಾಳೆ. ನಿನ್ನ ಮಗಳು ನರ್ಮಾ ಹೇಗಿದ್ದಾಳೆಂದು ದಿನಕ್ಕೊಮ್ಮೆ ಕೇಳುತ್ತಾಳೆ.

ನೀನು ಕೊಟ್ಟ ಗಾಡಿ ಉಲಾನ್‌ಬಾತರ್‌ನಿಂದ ನಮ್ಮ ಅಂಗಳಕ್ಕೆ ನಾನೂರ ಮೂವತ್ತು ಕಿಲೋಮೀಟರನ್ನು ಒಂದೇ ಉಸಿರಿಗೆ ಓಡಿತು. ಖಂದಾ ಹಾಲಿನ ಪಾತ್ರೆ ಹಿಡಿದು ಬೇಲಿಯ ಬಾಗಿಲಲ್ಲೇ ಕಾಯುತ್ತಿದ್ದಳು. ನಾಲ್ಕೂ ಚಕ್ರಕ್ಕೆ ಹಾಲು ಚಿಮುಕಿಸಿ, ಕನ್ನಡಿಗೆ ಹೊಸ ನೀಲಿ ರೇಷ್ಮೆ ಪಟ್ಟಿ ಕಟ್ಟಿದಳು. ಹಳೆಯ ಪಟ್ಟಿಯನ್ನು ನೀನೇ ಬಿಚ್ಚಿ ಇಟ್ಟುಕೊಂಡದ್ದನ್ನು ಹೇಳಿದಾಗ ತಲೆದೂಗಿದಳು. ಕುದುರೆ ಮಾರುವವನು ಲಗಾಮನ್ನು ಉಳಿಸಿಕೊಳ್ಳಬೇಕು, ಅದೇ ಸರಿ ಎಂದಳು. ಬಣ್ಣ ನೋಡಿ ಗಾಡಿಗೆ ಬೂರಲ್ ಎಂದು ಹೆಸರಿಟ್ಟಿದ್ದೇವೆ. ನಮ್ಮಪ್ಪನ ಹತ್ತಿರ ಇದೇ ನರೆಬಣ್ಣದ ಒಂದು ಬೂರಲ್ ಕುದುರೆ ಇತ್ತು, ನಿನಗೆ ನೆನಪಿರಬೇಕು.

ಪಕ್ಕದ ಅಂಗಳದ ದಾವಾ ಬಂದು ಗಾಡಿಯ ಅಂಕಿ ನೋಡಿದ. ನಾಲ್ಕು ಲಕ್ಷದ ಹನ್ನೆರಡು ಸಾವಿರ.

"ಏನಪ್ಪಾ ಯಾದಂ, ಚಂದ್ರಲೋಕಕ್ಕೆ ಹೋಗಿ ಬಂದಿರೋ ಗಾಡೀನ ದುಡ್ಡು ಕೊಟ್ಟು ತಂದ್ಯಾ? ಸುಮ್ನೆ ಕೊಟ್ರೂ ನಾನು ತಗೋತಿರ್ಲಿಲ್ಲ."

"ಸುಮ್ನೆ ಕೊಟ್ರೆ ನೀನು ತಗೊಳ್ದೆ ಇರೋನಾ? ಹೋಗಯ್ಯ ಹೋಗು" ಅಂದೆ.

ಮರುದಿನ ಬೆಳಿಗ್ಗೆ ಅವನ ಜೀಪು ಚಳಿಗೆ ಅರ್ಧ ಗಂಟೆ ಕೆಮ್ಮಿತು. ನಮ್ಮ ಬೂರಲ್ ಗುಂಡಿ ಒತ್ತಿದ ತಕ್ಷಣ ಸದ್ದಿಲ್ಲದೆ ಹೊರಟಿತು. ಖರ್ಖೋರಿನ್‌ಗೆ ಜನರನ್ನು ಕೂರಿಸಿಕೊಂಡು ಹೋಗಿ ಬರುತ್ತಿದ್ದೇನೆ. ಪೆಟ್ರೋಲು ಹಕ್ಕಿ ಕುಡಿದಷ್ಟು ಕುಡಿಯುತ್ತದೆ. ಮೇಕೆಗಳ ಉಣ್ಣೆ ಬಾಚುವ ಕಾಲ, ಆದ್ದರಿಂದ ಹಿಂದಿನ ಸೀಟಿನ ತುಂಬ ಉಣ್ಣೆಚೀಲಗಳದ್ದೇ ಸವಾರಿ.

ಬಸ್ಸಿನ ಡ್ರೈವರನ ಕೈಯಲ್ಲಿ ಒಣಮೊಸರಿನ ಗಟ್ಟಿ ಕಳಿಸಿದ್ದೇನೆ. ಫೋನು ಮಾಡಬೇಡ, ಅದರ ಗಲಾಟೆ ನನಗೆ ಆಗಿಬರುವುದಿಲ್ಲ. ಕಾಗದ ಬರೆ.

ನಿನ್ನ ತಮ್ಮ
ಯಾದಂ


ಉಲಾನ್‌ಬಾತರ್
2 ಜೂನ್ 2017

ತಮ್ಮ ಯಾದಂಗೆ,

ಅಕ್ಷರ ಇಷ್ಟು ದಪ್ಪ ಯಾಕೆಂದು ನಗಬೇಡ. ಪೆಟ್ಟಿಗೆಗಳ ಮೇಲೆ ವಿಳಾಸ ಬರೆಯುವ ಪೆನ್ನಿನಲ್ಲಿ ಬರೆದರೆ ಮಾತ್ರ ನಾನು ಬರೆದದ್ದು ನನಗೆ ಕಾಣುತ್ತದೆ. ನಿನ್ನ ಕಾಗದವನ್ನು ನರ್ಮಾ ಓದಿ ಹೇಳಿದಳು. ಒಣಮೊಸರು ಗಟ್ಟಿಯಾಗಿತ್ತು, ಹಲ್ಲು ಇನ್ನೂ ನನ್ನವೇ ಎಂದು ಖಾತ್ರಿಯಾಯಿತು.

ಕಣ್ಣಿನ ಆಸ್ಪತ್ರೆಯಲ್ಲಿ ಸರತಿ ಉದ್ದವಿದೆ. ಚಳಿಗಾಲದ ಮೊದಲು ಒಂದು ಕಣ್ಣು ಆಗಬಹುದೆಂದು ಹೇಳಿದ್ದಾರೆ. ಅಲ್ಲಿಯವರೆಗೆ ಕಿಟಕಿಯ ಹತ್ತಿರ ಕುಳಿತು ರಸ್ತೆಯ ಸದ್ದು ಕೇಳುತ್ತೇನೆ. ಒಂಬತ್ತು ವರ್ಷ ಅದೇ ಗಾಡಿಯಲ್ಲಿ ಈ ಊರಿಗೆ ಟ್ಯಾಕ್ಸಿ ಹೊಡೆದವನು ನಾನು. ಕೆಳಗೆ ಅದರ ಜಾತಿಯ ಗಾಡಿ ಹೋದರೆ ಎದೆ ಎದ್ದು ಕೂರುತ್ತದೆ.

ಪೆಟ್ರೋಲು, ಬ್ಯಾಟರಿ ಎರಡರಲ್ಲೂ ಓಡುವ ಆ ಗಾಡಿಗೆ ಹೆಚ್ಚು ಆರೈಕೆ ಬೇಕಿಲ್ಲ. ಎಣ್ಣೆಯನ್ನು ಸಮಯಕ್ಕೆ ಬದಲಿಸು. ಬ್ರೇಕಿನ ಪಟ್ಟಿಗಳು ನೀನು ಮುದುಕನಾದರೂ ಸವೆಯುವುದಿಲ್ಲ, ಇಳಿಜಾರಿನಲ್ಲಿ ಅದು ಬ್ಯಾಟರಿಗೆ ಕರೆಂಟು ತುಂಬಿಕೊಳ್ಳುತ್ತ ತಾನೇ ನಿಧಾನವಾಗುತ್ತದೆ. ಡಿಕ್ಕಿಯ ಮೂಲೆಯ ಚಿಕ್ಕ ಬ್ಯಾಟರಿಯನ್ನು ಮೂರು ವರ್ಷಕ್ಕೊಮ್ಮೆ ಬದಲಿಸಿದರೆ ಸಾಕು. ಇನ್ನು ಡಿಕ್ಕಿ ತೆರೆದು ತೋರಿಸುತ್ತ ನಾನು ಹೇಳಿದ ಎರಡು ಮಾತು ನೆನಪಿವೆಯಲ್ಲ? ಆಗ ನೀನು ತಲೆಯಾಡಿಸಿದೆ. ಅವೆರಡು ನೆನಪಿದ್ದರೆ ಗಾಡಿ ಇನ್ನೂ ಎರಡು ಲಕ್ಷ ಓಡುತ್ತದೆ.

ಎರಡನೆಯ ಮಾತಿನ ಬಗ್ಗೆ ನೀನು ಅವತ್ತೂ ಏನೂ ಅನ್ನಲಿಲ್ಲ, ಕಾಗದದಲ್ಲೂ ಬರೆಯಲಿಲ್ಲ. ಇರಲಿ, ನಮ್ಮ ನಡುವೆ ಅದೆಲ್ಲ ಬೇಕಿಲ್ಲ.

ನಿನ್ನ ಅಣ್ಣ
ಗೊಂಬೊಜಾವ್


ಅರ್ವಾಯ್‌ಹೇರ್
25 ಜೂನ್ 2017

ಗೊಂಬೊ ಅಣ್ಣನಿಗೆ,

ನಾದಮ್ ಹಬ್ಬ ಹತ್ತಿರವಾಯಿತು. ಕುದುರೆ ಓಟಕ್ಕೆ ಹೋಗುವವರು, ಕುಸ್ತಿಗೆ ಹೋಗುವವರು, ಸುಮ್ಮನೆ ಕುಡಿಯಲು ಹೋಗುವವರು, ಎಲ್ಲರಿಗೂ ಬೂರಲ್ ಬೇಕು. ಅಂಕಿ ನಾಲ್ಕು ಲಕ್ಷದ ಇಪ್ಪತ್ತು ಸಾವಿರ ದಾಟಿತು.

ನೀನು ಹೇಳಿದ ಎರಡು ಮಾತೂ ಕಲ್ಲಿನಲ್ಲಿ ಕೊರೆದ ಹಾಗೆ ನೆನಪಿವೆ. ಅದರ ಚಿಂತೆ ಬಿಡು, ಕಣ್ಣು ನೋಡಿಕೋ.

ತಮ್ಮ
ಯಾದಂ


ಅರ್ವಾಯ್‌ಹೇರ್
20 ಸೆಪ್ಟೆಂಬರ್ 2017

ಗೊಂಬೊಜಾವ್,

ಮೂವತ್ತೆಂಟು ವರ್ಷದಲ್ಲಿ ಅಣ್ಣ ಎಂಬ ಮಾತನ್ನು ಬಿಟ್ಟು ಬರೆಯುತ್ತಿರುವುದು ಇದೇ ಮೊದಲು. ಕೈತಪ್ಪಿ ಆದದ್ದಲ್ಲ, ತಿಳಿದೇ ಬಿಟ್ಟಿದ್ದೇನೆ.

ಆಗಸ್ಟ್ ಕೊನೆಯ ವಾರ, ಸುಡುಬಿಸಿಲು. ನಾಲ್ಕು ಜನರನ್ನು ಕೂರಿಸಿಕೊಂಡು ದಿಣ್ಣೆ ಏರುತ್ತಿದ್ದೆ. ಹಿಂದೆ ಕುಳಿತ ಹೆಂಗಸು ಭುಜ ತಟ್ಟಿದಳು. "ಅಜ್ಜ, ಆಗ್ಲಿಂದ ಏನೋ ಕೀಂ ಕೀಂ ಅಂತಿದೆ, ನಿಮ್ಗೆ ಕೇಳ್ತಿಲ್ವಾ?" ನೋಡಿದರೆ ಮುಂದೆ ಮೀಟರಿನ ಪಕ್ಕ ಎಚ್ಚರಿಕೆಯ ಕೆಂಪು ತ್ರಿಕೋನ ಉರಿಯುತ್ತಿದೆ. ಗಾಡಿ ಬಲ ಕಳೆದುಕೊಂಡು ಎತ್ತಿನ ಹಾಗೆ ನಡೆಯಿತು. ಆರಿದ ಮೇಲೆ ಸರಿಹೋಯಿತು, ಎರಡು ದಿನಕ್ಕೆ ಮತ್ತೆ ಬಂತು. ಈಗ ದಿಣ್ಣೆ ಕಂಡರೆ ಸಾಕು, ಬರುತ್ತದೆ.

ಮೂರು ಗ್ಯಾರೇಜಿಗೆ ತೋರಿಸಿದೆ. ಮೂವರೂ ಯಂತ್ರ ಸಿಕ್ಕಿಸಿ ನೋಡಿದರು, ಯಾರೂ ಏನನ್ನೂ ಬಿಚ್ಚಲಿಲ್ಲ. ಮೂವರದೂ ಒಂದೇ ಮಾತು: ದೊಡ್ಡ ಬ್ಯಾಟರಿ ಸತ್ತಿದೆ, ಇಡಿಯಾಗಿ ಬದಲಿಸಬೇಕು. ಆ ಹಣಕ್ಕೆ ಗಾಡಿಯ ಮೂರರಲ್ಲೊಂದು ಪಾಲೇ ಬರುತ್ತದೆ. ಮೂರನೆಯವನು ಅಂಕಿ ನೋಡಿ ನಕ್ಕ. "ಅಜ್ಜ, ಇದು ನಾಲ್ಕಲ್ಲ, ಆರು ಲಕ್ಷ ಓಡಿರುತ್ತೆ. ಮೀಟರ್ ಹಿಂದಕ್ಕೆ ತಿರುಗ್ಸಿ ನಿಮ್ಮ ತಲೆಗೆ ಕಟ್ಟಿದಾರೆ. ಮಾರಿದ್ದು ಯಾರು?" ನಿನ್ನ ಹೆಸರು ಹೇಳಲು ನನಗೆ ನಾಚಿಕೆಯಾಯಿತು. ದಾವಾ ಬೇಲಿಯಾಚೆಯಿಂದ ದಿನಾ ಇಣುಕುತ್ತಾನೆ.

ಒಂದೇ ತಾಯಿಯ ಮಕ್ಕಳಲ್ಲದಿದ್ದರೂ ಲಾರಿ ಡಿಪೊದಲ್ಲಿ ಒಂದೇ ತಟ್ಟೆಯಲ್ಲಿ ಉಂಡವರು ನಾವು. ಹಿಮದಲ್ಲಿ ಸಿಕ್ಕಿಕೊಂಡ ಆ ಮೂರು ದಿನ ನೀನು ನಿನ್ನ ತುಪ್ಪಳದ ಕೋಟನ್ನು ನನಗೆ ಹೊದಿಸಿದ್ದೆ. ಕೋಟು ಹೊದಿಸಿದವನು ಹೀಗೆ ಮಾಡುತ್ತಾನೆಂದು ನಂಬಲು ಮೂರು ವಾರ ಬೇಕಾಯಿತು. ನಂಬಿದ್ದೇನೆ.

ಗಾಡಿ ವಾಪಸು ಬೇಡ, ಹಣವೂ ಬೇಡ. ಬಿಡಿಭಾಗಕ್ಕೆ ಒಡೆಯುವವರಿಗೆ ಕೊಡುತ್ತೇನೆ. ಮೂವತ್ತೆಂಟು ತ್ಸಗಾನ್ ಸಾರ್ ಹಬ್ಬಕ್ಕೆ ಹೊಸ ವರ್ಷದ ಮೊದಲ ವಂದನೆ ನಿನಗೇ ಮಾಡಿದ್ದೇನೆ, ನಿನ್ನ ಮೊಣಕೈಗಳನ್ನು ಕೆಳಗಿನಿಂದ ಹಿಡಿದು. ಈ ಸಲ ಬರುವುದಿಲ್ಲ. ಯಾಕೆ ಬರಲಿಲ್ಲವೆಂದು ಕೇಳಿದವರಿಗೆ ಏನು ಹೇಳಬೇಕೋ ನೀನೇ ಯೋಚಿಸಿಕೋ.

ಯಾದಂ


ಉಲಾನ್‌ಬಾತರ್
6 ಅಕ್ಟೋಬರ್ 2017

ಯಾದಂ,

ನಿನ್ನ ಕಾಗದವನ್ನು ನರ್ಮಾ ಓದಿದಳು. ಓದುವಾಗ ನಡುನಡುವೆ ನಿಂತಳು. ಕೆಲವನ್ನು ಬಿಟ್ಟಳೆಂದು ಗೊತ್ತಾಗಿ, "ಇದ್ದ ಹಾಗೇ ಓದು" ಎಂದೆ. ಇದ್ದ ಹಾಗೆ ಓದಿ, ಒಲೆಯ ಹತ್ತಿರ ಹೋಗಿ ನನಗೆ ಬೆನ್ನು ಹಾಕಿ ನಿಂತಳು.

ನಾನು ಮೀಟರ್ ತಿರುಗಿಸಿಲ್ಲ. ಡಿಕ್ಕಿ ತೆರೆದು ನಿನಗೆ ಹೇಳಬೇಕಾದ ಎರಡನ್ನೂ ಹೇಳಿದ್ದೇನೆ. ನೀನು ಕೇಳಿ ತಲೆಯಾಡಿಸಿದ್ದೀಯ. ಅಷ್ಟು ಕೇಳಿದ ಮೇಲೂ ನನ್ನನ್ನು ಮೋಸಗಾರ ಎನ್ನುವವನಿಗೆ ಮೂರನೆಯದನ್ನು ಹೇಳಿ ಏನು ಪ್ರಯೋಜನ? ಕೋಪದಲ್ಲಿ ಕುಯ್ದ ಮೂಗು ಶಾಂತಿಯಲ್ಲಿ ಬರುವುದಿಲ್ಲ.

ಹಬ್ಬಕ್ಕೆ ಬರುವುದು ಬಿಡುವುದು ನಿನ್ನ ಇಷ್ಟ. ಕಾಲು ನಿನ್ನವು.

ಗೊಂಬೊಜಾವ್


ಅರ್ವಾಯ್‌ಹೇರ್
28 ನವೆಂಬರ್ 2017

ಗೊಂಬೊ ಭಾವನವರಿಗೆ,

ಖಂದಾ ಬರೆಯುವ ಕಾಗದ. ಇವರಿಗೆ ಗೊತ್ತಿಲ್ಲ. ಔಷಧಿ ತರುತ್ತೇನೆಂದು ಹೇಳಿ ಬಸ್ ನಿಲ್ದಾಣಕ್ಕೆ ಬಂದು, ಅಲ್ಲಿನ ಚಾ ಅಂಗಡಿಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಬಸ್ಸು ಹೊರಡುವುದರೊಳಗೆ ಮುಗಿಸಬೇಕು.

ನಿಮ್ಮ ಕಾಗದ ಬಂದ ದಿನ ಇವರು ಅದನ್ನು ಎದೆಯ ಜೇಬಿನಲ್ಲಿಟ್ಟುಕೊಂಡು ಓಡಾಡಿದರು. ಬೈದು ಬರೆದ ಕಾಗದವನ್ನು ಯಾರಾದರೂ ಎದೆಯ ಮೇಲೆ ಇಟ್ಟುಕೊಳ್ಳುತ್ತಾರಾ? ಬೂರಲ್ ಎರಡು ತಿಂಗಳಿಂದ ಅಂಗಳದಲ್ಲೇ ನಿಂತಿದೆ. ಒಡೆಯುವವರು ಎರಡು ಸಲ ಬಂದರು. ಎರಡು ಸಲವೂ ಇವರು ಬೀಗದ ಕೈ ಎಲ್ಲಿಟ್ಟೆನೋ ಸಿಗುತ್ತಿಲ್ಲ ಎಂದರು. ಸೊಂಟದ ಪಟ್ಟಿಯಲ್ಲೇ ಇತ್ತು, ನಾನು ಕಂಡೆ.

ಭಾವ, ಯಾರಿಗೂ ಹೇಳದ ಒಂದು ಮಾತು ಹೇಳುತ್ತೇನೆ. ಇವರಿಗೆ ಕಿವಿ ಕೇಳಿಸುವುದಿಲ್ಲ. ಸ್ವಲ್ಪ ಮಂದ ಎಂದು ನೀವೆಲ್ಲ ತಿಳಿದಿದ್ದೀರಿ. ಮಂದ ಅಲ್ಲ, ಮೂರು ವರ್ಷದಿಂದ ಏನೇನೂ ಇಲ್ಲ. ಲಾರಿಯ ಇಂಜಿನ್ನು ತಿಂದುಹಾಕಿತು. ಎದುರಿಗಿದ್ದವರ ತುಟಿ ನೋಡಿ ತಿಳಿದುಕೊಳ್ಳುತ್ತಾರೆ. ತುಟಿ ಕಾಣದಿದ್ದರೆ ತಲೆಯಾಡಿಸುತ್ತಾರೆ. ಕಿವುಡ ಎಂದು ಗೊತ್ತಾದರೆ ಯಾರು ಗಾಡಿ ಹತ್ತುತ್ತಾರೆಂಬ ಭಯ. ಅದಕ್ಕಿಂತ ಹೆಚ್ಚಾಗಿ ನಾಚಿಕೆ. ನೀವು ಡಿಕ್ಕಿ ತೆರೆದು ಹೇಳಿದ ಆ ಎರಡು ಮಾತು ಏನು ಎಂದು ನಾನು ಎಷ್ಟೋ ಸಲ ಕೇಳಿದೆ. ನಿನ್ನೆ ಕೊನೆಗೂ ಬಾಯಿಬಿಟ್ಟರು.

"ಅಣ್ಣ ಡಿಕ್ಕಿಯೊಳಗೆ ತಲೆ ತೂರ್ಸಿ ಮಾತಾಡ್ತಿದ್ದ ಕಣೇ. ನಂಗೆ ಅವನ ಬೆನ್ನೊಂದೇ ಕಾಣ್ಸಿದ್ದು. ನಾನೇನು ಕೇಳ್ಲಿ?"

"ಏನಂದೆ ಅಂತ ಕೇಳೋಕೆ ಏನಾಗಿತ್ತು ನಿಮ್ಗೆ?"

"ಏನಾಗಿತ್ತು ಅಂತ ನಿಂಗೆ ಗೊತ್ತಿಲ್ವಾ?" ಎಂದು ಎದ್ದು ಹೋದರು.

ಗಾಡಿಯ ವಿಷಯದಲ್ಲಿ ನಮ್ಮಿಂದ ಏನು ತಪ್ಪಾಯಿತೋ ನನಗೆ ತಿಳಿಯದು. ಮಗುವಿನಂತೆ ನೋಡಿಕೊಂಡಿದ್ದೇವೆ. ಹಿಂದಿನ ಸೀಟಿನ ಬೆನ್ನಿಗೆ ದೊಡ್ಡ ಬ್ಯಾಟರಿ ಇದೆ, ಅದೇ ಈ ಗಾಡಿಯ ಪಿತ್ತಜನಕಾಂಗ, ಹೋದರೆ ಎಲ್ಲ ಹೋಯಿತು ಎಂದು ಇವರು ಬಂದ ದಿನವೇ ಹೇಳಿದ್ದರು. ಮೇ ತಿಂಗಳಲ್ಲೂ ಹಿಮ ಬೀಳುವ ಊರು ನಮ್ಮದು. ಚಳಿ ತಾಗಬಾರದೆಂದು ಗುಡಾರಕ್ಕೆ ಹೊದಿಸುವ ದಪ್ಪ ಉಣ್ಣೆಹಾಸನ್ನೇ ಕತ್ತರಿಸಿ, ಬಡಕಲು ಕುದುರೆಗೆ ಹೊಲಿದಂತೆ ಕಂಬಳಿ ಹೊಲಿದು ಕಟ್ಟಿದೆ. ಹಿಂದಿನ ಸೀಟು, ಅದರ ಬೆನ್ನು, ಎರಡೂ ಪಕ್ಕ, ಬಾಗಿಲಿನವರೆಗೆ ಒಂದು ಬೆರಳು ಜಾಗ ಬಿಟ್ಟಿಲ್ಲ. ಅಂಚಿಗೆ ಕೊಂಬಿನ ಚಿತ್ತಾರದ ಹೊಲಿಗೆಯನ್ನೂ ಹಾಕಿದ್ದೇನೆ. ಬೇಸಿಗೆಯಲ್ಲೂ ತೆಗೆಯಲಿಲ್ಲ. ಇಷ್ಟೆಲ್ಲ ಮಾಡಿಯೂ ಹೀಗಾಯಿತಲ್ಲ ಎಂದೇ ನನ್ನ ಸಂಕಟ.

ಡ್ರೈವರ್ ಹಾರನ್ ಹೊಡೆಯುತ್ತಿದ್ದಾನೆ. ಹಬ್ಬದ ದಿನ ಇವರನ್ನು ಮನೆಯಲ್ಲೇ ಕೂತಿರುವಂತೆ ಮಾಡಬೇಡಿ ಭಾವ. ಅದನ್ನು ನೋಡಲು ನನ್ನಿಂದಾಗದು.

ಖಂದಾ


ಉಲಾನ್‌ಬಾತರ್
12 ಡಿಸೆಂಬರ್ 2017

ತಂಗಿ ಖಂದಾಳಿಗೆ,

ಡಿಸೆಂಬರ್ ಮೂರಕ್ಕೆ ನನ್ನ ಬಲಗಣ್ಣಿನ ಪೊರೆ ತೆಗೆದರು. ಪಟ್ಟಿ ಬಿಚ್ಚಿದ ಮೇಲೆ ಕನ್ನಡಕವಿಲ್ಲದೆ ನಾನೇ ಓದಿದ ಮೊದಲ ಕಾಗದ ನಿನ್ನದು. ಬಸ್ಸಿನ ಡ್ರೈವರನ ಕೈಯಲ್ಲಿ ಅದು ಒಂದು ವಾರ ಸುತ್ತಾಡಿತ್ತು, ಒಳ್ಳೆಯದೇ ಆಯಿತು. ಇಲ್ಲದಿದ್ದರೆ ನರ್ಮಾ ಓದಬೇಕಾಗಿತ್ತು, ನಾನು ಅಳುವುದನ್ನು ಅವಳು ನೋಡಬೇಕಾಗಿತ್ತು.

ಕಿವಿಯ ವಿಷಯ ಓದಿದಾಗ ಅತ್ತೆ. ಕಂಬಳಿಯ ವಿಷಯ ಓದಿದಾಗ ನಕ್ಕೆ. ಹೊಸ ಕಣ್ಣಿಗೆ ಎರಡೂ ಆಗಬಾರದು ಎಂದು ಡಾಕ್ಟರು ಹೇಳಿದ್ದರು.

ತಾಯಿ, ನೀನು ಬೂರಲ್‌ನ ಮೂಗು ಮುಚ್ಚಿದ್ದೀಯ. ಹಿಂದಿನ ಸೀಟಿನ ಪಕ್ಕ, ಬಾಗಿಲಿನ ಹತ್ತಿರ, ಅಂಗೈಯಷ್ಟು ಅಗಲದ ಒಂದು ಜಾಲರಿ ಇದೆ. ದೊಡ್ಡ ಬ್ಯಾಟರಿ ಗಾಳಿ ಎಳೆದುಕೊಳ್ಳುವುದು ಅಲ್ಲಿಂದ. ಅದಕ್ಕೆ ಚಳಿಯ ಭಯವಿಲ್ಲ, ಸೆಕೆಯ ಭಯ. ನಾವು ಬೇರೆ ಥರ. ಚಳಿ ಎಂದರೆ ಹೊದಿಸು, ಹುಷಾರಿಲ್ಲ ಎಂದರೆ ಇನ್ನೊಂದು ಹೊದಿಸು, ಅಷ್ಟೇ ನಮಗೆ ಗೊತ್ತಿರುವ ವೈದ್ಯ. ಕುದುರೆಗಾದರೆ ಅದು ಸರಿ. ಡಿಕ್ಕಿಯೊಳಗೆ ತಲೆ ತೂರಿಸಿಕೊಂಡು ನಾನು ಹೇಳಿದ ಮೊದಲನೆಯ ಮಾತು ಇದೇ ಆಗಿತ್ತು: ಆ ಜಾಲರಿಯನ್ನು ಮುಚ್ಚಬೇಡ, ವರ್ಷಕ್ಕೊಮ್ಮೆ ಅದರ ಹಿಂದಿನ ಫ್ಯಾನಿನ ಧೂಳು ತೆಗೆಸು. ಹೇಳಿದ್ದು ಕಿವುಡನಿಗೆ, ಅದೂ ಬೆನ್ನು ತೋರಿಸಿಕೊಂಡು. ನಾನೆಂಥ ಜಾಣ ನೋಡು.

ಈಗ ಇಷ್ಟು ಮಾಡು. ಕಂಬಳಿ ಬಿಚ್ಚು. ಅಲ್ಲಿನ ಮೂರು ಗ್ಯಾರೇಜಿಗೆ ಹೋಗಬೇಡ. ಖರ್ಖೋರಿನ್ ರಸ್ತೆಯಲ್ಲಿ ತ್ಸೋಗೊ ಎಂಬ ದಪ್ಪ ಮನುಷ್ಯನಿದ್ದಾನೆ, ಹೈಬ್ರಿಡ್ ಗಾಡಿಗಳನ್ನು ಬಿಟ್ಟು ಬೇರೇನನ್ನೂ ಮುಟ್ಟುವುದಿಲ್ಲ. ಅವನನ್ನೇ ಮನೆಗೆ ಕರೆಸು. ಫ್ಯಾನು ಬಿಚ್ಚಲಿ, ಆಮೇಲೆ ಬ್ಯಾಟರಿಯ ಪೆಟ್ಟಿಗೆಯನ್ನೂ ತೆರೆಯಲಿ. ಪೆಟ್ಟಿಗೆ ತೆರೆಯುವಾಗ ಯಾದಂ ಪಕ್ಕದಲ್ಲಿ ನಿಂತಿರಬೇಕು. ಎರಡನೆಯ ಮಾತು ಏನೆಂದು ನಾನು ಬರೆಯುವುದಿಲ್ಲ. ಅದನ್ನು ಅವನು ಕಣ್ಣಿನಿಂದಲೇ ಕೇಳಲಿ.

ಬ್ಯಾಟರಿ ನಿಜವಾಗಿಯೂ ಬೆಂದುಹೋಗಿದ್ದರೆ ಎಂಬ ಅಳುಕು ನನಗೂ ಇದೆ. ಆಗಸ್ಟಿನಿಂದ ಎಷ್ಟು ಸಲ ಕಾದಿದೆಯೋ. ತಡಮಾಡಬೇಡ, ಏನಾಯಿತೆಂದು ಬರೆ.

ಗೊಂಬೊಜಾವ್


ಅರ್ವಾಯ್‌ಹೇರ್
20 ಜನವರಿ 2018

ಗೊಂಬೊ ಅಣ್ಣ,

ಈ ಕಾಗದವನ್ನು ನಾಲ್ಕು ಸಲ ಬರೆದು ಒಲೆಗೆ ಹಾಕಿದ್ದೇನೆ. ಮೊದಲು ಗಾಡಿಯ ಸಮಾಚಾರ ಹೇಳುತ್ತೇನೆ, ಅದು ಸುಲಭ.

ಖಂದಾ ಜನವರಿ ಎರಡಕ್ಕೆ ನಿನ್ನ ಕಾಗದವನ್ನು ನನ್ನ ಮುಂದಿಟ್ಟಳು. ಬಚ್ಚಿಟ್ಟು ಬರೆದಳೆಂದು ಸಿಟ್ಟಾದೆ. ಓದಿದ ಮೇಲೆ ಸಿಟ್ಟಾಗಲು ಯಾರೂ ಉಳಿಯಲಿಲ್ಲ. ತ್ಸೋಗೊ ಕೈತುಂಬ ಕೆಲಸವೆಂದು ಎರಡು ವಾರ ಕಾಯಿಸಿ ಮೊನ್ನೆ ಬಂದ. ಮೈನಸ್ ಮೂವತ್ತೆರಡು. ಅಂಗಳದಲ್ಲಿ ಕೈಗವಸು ಬಿಚ್ಚುವ ಹಾಗಿಲ್ಲ. ಒಳಗೆ ಚಾ ಕುಡಿಯುವುದು, ಹೊರಗೆ ಹೋಗಿ ಎರಡು ತಿರುಪು ಬಿಚ್ಚುವುದು, ಮತ್ತೆ ಒಳಗೆ. ಅವನು ತುಂಬ ಒಳ್ಳೆಯವನು. ಖಂದಾ ಅವನ ಕಿವಿಯಲ್ಲಿ ಏನೋ ಹೇಳಿದ್ದಳೆಂದು ಕಾಣುತ್ತದೆ. ಏನು ಹೇಳುವುದಿದ್ದರೂ ನನ್ನ ಕಡೆ ಮುಖ ಮಾಡಿ, ನಿಧಾನವಾಗಿ ಹೇಳುತ್ತಿದ್ದ.

ಫ್ಯಾನು ಬಿಚ್ಚಿ ತಂದು ಒಲೆಯ ಪಕ್ಕ ಇಟ್ಟ. ಫ್ಯಾನಿನ ರೆಕ್ಕೆಯೇ ಕಾಣಿಸದು. ಬರೀ ಉಣ್ಣೆ. ವಸಂತದಲ್ಲಿ ಹೊತ್ತ ಚೀಲಗಳ ಮೇಕೆ ಉಣ್ಣೆ ಒಳಗೆ ಹೋಗಿ ಕುಳಿತಿದೆ, ಅದರ ಮೇಲೆ ಖಂದಾಳ ಕಂಬಳಿಯ ಎಳೆ ಸೇರಿ ಮುದ್ದೆಯಾಗಿದೆ.

"ಅಜ್ಜ, ಇದಕ್ಕೆ ರೋಗ ಇಲ್ಲ. ಉಸಿರುಗಟ್ಟಿದೆ, ಅಷ್ಟೇ" ಅಂದ. ಖಂದಾ ಆ ಉಣ್ಣೆಯನ್ನು ಕೈಗೆತ್ತಿಕೊಂಡು ನೋಡಿ, "ಒಂದು ಕೈಗವಸಿಗೆ ಆಗುತ್ತೆ" ಎಂದಳು. ಅಂಥ ಹೊತ್ತಿನಲ್ಲೂ ಅವಳ ಲೆಕ್ಕ ನೋಡು.

ಆಮೇಲೆ ಪೆಟ್ಟಿಗೆ ತೆರೆದ. ನೀನು ಹೇಳಿದಂತೆ ನಾನು ಪಕ್ಕದಲ್ಲೇ ನಿಂತಿದ್ದೆ. ಒಳಗೆ ಬ್ಯಾಟರಿಯ ಇಪ್ಪತ್ತೆಂಟು ಬಿಡಿ ಬಿಲ್ಲೆಗಳು, ರೊಟ್ಟಿ ಜೋಡಿಸಿಟ್ಟಂತೆ ಸಾಲಾಗಿ. ಹದಿನೇಳು ಕಂದಿದ್ದವು, ಹನ್ನೊಂದು ಹೊಳೆಯುತ್ತಿದ್ದವು. ಹೊಳೆಯುವ ಒಂದೊಂದರ ಮೇಲೂ ದಪ್ಪ ಪೆನ್ನಿನಲ್ಲಿ ಬರೆದಿತ್ತು, ಮಾರ್ಚ್ 2017. ಆ ಅಕ್ಷರ ಯಾರದೆಂದು ತ್ಸೋಗೊನನ್ನು ಕೇಳಬೇಕಾಗಿರಲಿಲ್ಲ. ಅಂಥ ಅಕ್ಷರದ ಎರಡು ಕಾಗದ ನನ್ನ ಎದೆಯ ಜೇಬಿನಲ್ಲೇ ಇದ್ದವು.

"ಮಾರೋಕೆ ಒಂದ್ ತಿಂಗ್ಳು ಮುಂಚೆ ಹನ್ನೊಂದು ಹೊಸ ಬಿಲ್ಲೆ ಹಾಕ್ಸಿದಾರೆ ಅಜ್ಜ" ಎಂದ ತ್ಸೋಗೊ. "ಮಾರೋ ಗಾಡಿಗೆ ಯಾರ್ ಹಿಂಗ್ ಮಾಡ್ತಾರೆ? ಹುಚ್ಚರು ಇರ್ಬೇಕು."

"ಹುಚ್ಚನಲ್ಲ, ನಮ್ಮಣ್ಣ" ಎಂದೆ.

ಎಲ್ಲವನ್ನೂ ಅಳೆದು ನೋಡಿದ. ಕಾದ ಸೆಕೆಗೆ ಹಳೆಯದರಲ್ಲಿ ಒಂದು ಸೋತಿದೆ, ಅದನ್ನು ಬದಲಿಸಿದ. ಉಳಿದವೆಲ್ಲ ಗಟ್ಟಿ. ಮೀಟರನ್ನೂ ತನ್ನ ಯಂತ್ರದಲ್ಲಿ ನೋಡಿ, ಅಂಕಿ ಸಾಚಾ ಎಂದು ನಾನು ಕೇಳುವ ಮೊದಲೇ ಹೇಳಿದ. ಹೊಸ ಬ್ಯಾಟರಿಗೆ ಅವರು ಮೂವರು ಹೇಳಿದ ಬೆಲೆಯಲ್ಲಿ ಇಪ್ಪತ್ತರಲ್ಲೊಂದು ಪಾಲೂ ಖರ್ಚಾಗಲಿಲ್ಲ. ಗುಂಡಿ ಒತ್ತಿದೆ. ಕೆಂಪು ತ್ರಿಕೋನ ಬಂದು, ಮಿನುಗಿ, ಹೋಯಿತು. ನಿನ್ನೆ ಅದೇ ದಿಣ್ಣೆಯನ್ನು ಮೂರು ಸಲ ಹತ್ತಿ ಇಳಿಸಿದೆ. ಬರಲಿಲ್ಲ. ಹೋದ ಜೀವ ಬಂದಂತಾಯಿತು. ದಿಣ್ಣೆಯ ಮೇಲೆ ದಾರಿಹೋಕರು ಕೈಮುಗಿಯುವ ಕಲ್ಲುಗುಡ್ಡೆಯ ಹತ್ತಿರ ಇಳಿದು, ಅದಕ್ಕೆ ಮೂರು ಸುತ್ತು ಬಂದು, ಒಬ್ಬನೇ ನಿಂತು ಅತ್ತೆ.

ಇನ್ನು ಕಷ್ಟದ ಸಮಾಚಾರ.

ಅಣ್ಣ, ನನಗೆ ಕಿವಿ ಕೇಳಿಸುವುದಿಲ್ಲ. ಇದನ್ನು ಬರೆಯಲು ಮೂರು ವರ್ಷ ಬೇಕಾಯಿತು. ಕೇಳಿಸದೆ ತಲೆಯಾಡಿಸಿದ್ದು ನಾನು, ಕೇಳಿದ್ದೇನೆ, ಕಲ್ಲಿನಲ್ಲಿ ಕೊರೆದಿದೆ ಎಂದು ಸುಳ್ಳು ಬರೆದದ್ದೂ ನಾನು. ಕುಣಿಯಲಾರದವಳು ನೆಲ ಡೊಂಕು ಎಂದಂತೆ ನಿನ್ನನ್ನು ಮೋಸಗಾರ ಎಂದೆ. ಎರಡನೆಯ ಮಾತಿಗೆ ಥ್ಯಾಂಕ್ಸ್ ಎಂಬ ಒಂದು ಮಾತೂ ನನ್ನಿಂದ ಬರದೆ ನೀನು ಎಷ್ಟು ತಿಂಗಳು ನೊಂದೆಯೋ. ಆ ಹನ್ನೊಂದು ಬಿಲ್ಲೆಯ ಮುಂದೆ ನನ್ನ ಸೆಪ್ಟೆಂಬರಿನ ಕಾಗದವನ್ನು ನೆನೆದರೆ ಮುಖ ಎಲ್ಲಿಡಲಿ ಅನ್ನಿಸುತ್ತದೆ. ಆ ಕಾಗದ ನಿನ್ನಲ್ಲಿದ್ದರೆ ಸುಟ್ಟುಬಿಡು.

ಹಬ್ಬ ಫೆಬ್ರವರಿ ಹದಿನಾರಕ್ಕೆ. ಬರಲು ಮುಖವಿಲ್ಲ. ಆದರೂ ಕೇಳುತ್ತೇನೆ, ಬರಲಾ?

ನಿನ್ನ ತಮ್ಮ
ಯಾದಂ


ಉಲಾನ್‌ಬಾತರ್
4 ಫೆಬ್ರವರಿ 2018

ತಮ್ಮ ಯಾದಂಗೆ,

ನಿನ್ನ ಸೆಪ್ಟೆಂಬರಿನ ಕಾಗದವನ್ನು ನರ್ಮಾ ಅಕ್ಟೋಬರಿನಲ್ಲೇ ಒಲೆಗೆ ಹಾಕಿದ್ದಾಳೆ. ನಾನು ಹುಡುಕಿದಾಗ "ಯಾವ ಕಾಗದ?" ಎಂದಳು. ಆದ್ದರಿಂದ ಸುಡಲು ಏನೂ ಇಲ್ಲ.

ಎರಡನೆಯ ಮಾತು ಈಗ ನಿನಗೆ ತಿಳಿಯಿತು. ಒಂದು ವಿಷಯ ನಾನೂ ಒಪ್ಪಿಕೊಳ್ಳಬೇಕು. ಹನ್ನೊಂದು ಬಿಲ್ಲೆ ಹಾಕಿಸಿದ್ದನ್ನು ನಿನ್ನ ಮುಖ ನೋಡಿ ಹೇಳಲು ನನಗೆ ಸಂಕೋಚವಾಗಿತ್ತು. ಉಪಕಾರ ಮಾಡಿ ಎದುರಿಗೆ ನಿಂತು ಹೇಳಿಕೊಂಡಂತೆ ಆಗುತ್ತದಲ್ಲ ಎಂದು ಡಿಕ್ಕಿಯೊಳಗೆ ತಲೆ ತೂರಿಸಿ ಹೇಳಿದೆ. ನೀನು ನಾಚಿಕೆಗೆ ಕೇಳಲಿಲ್ಲ, ನಾನು ನಾಚಿಕೆಗೆ ತಿರುಗಲಿಲ್ಲ. ಇಬ್ಬರೂ ಸೇರಿ ಒಂದು ಒಳ್ಳೆಯ ಗಾಡಿಯನ್ನು ಕೊಲ್ಲುತ್ತಿದ್ದೆವು.

ಬರಲಾ ಎಂದು ಕೇಳುತ್ತೀಯಲ್ಲ, ಹಿಂದಿನ ಮೂವತ್ತೆಂಟು ಸಲ ಕೇಳಿ ಬಂದಿದ್ದೆಯಾ? ಬೆಳಕು ಹರಿಯುವ ಮೊದಲೇ ಹೊರಡಬೇಡ, ಮರಳುದಿಬ್ಬದ ಹತ್ತಿರ ರಸ್ತೆಗೆ ಹಿಮ ಬೀಸಿರುತ್ತದೆ. ಹಿಂದಿನ ದಿನವೇ ಖಂದಾಳನ್ನು ಕರೆದುಕೊಂಡು ಬಾ. ಮಾಂಸದ ಕಡುಬು ಒಂಬೈನೂರು ಮಾಡಿ ಬಾಲ್ಕನಿಯಲ್ಲಿ ಹೆಪ್ಪುಗಟ್ಟಿಸಿಟ್ಟಿದ್ದಾಳೆ ನರ್ಮಾ, ತಿನ್ನುವವರು ಬೇಕು.

ಆ ಕಂಬಳಿಯನ್ನು ಬಿಸಾಡಬೇಡಿ. ನನ್ನ ಮೊಣಕಾಲಿಗೆ ಬೇಕು. ಅದಕ್ಕೆ ಜಾಲರಿ ಇಲ್ಲ, ಎಷ್ಟು ಮುಚ್ಚಿದರೂ ಒಳ್ಳೆಯದೇ.

ನಿನ್ನ ಅಣ್ಣ
ಗೊಂಬೊಜಾವ್


ಅರ್ವಾಯ್‌ಹೇರ್
22 ಫೆಬ್ರವರಿ 2018

ಗೊಂಬೊ ಅಣ್ಣನಿಗೆ,

ಸುಖವಾಗಿ ಮನೆ ಸೇರಿದೆವು. ಬೂರಲ್ ಹೋಗುತ್ತ ಬರುತ್ತ ಒಂದು ಸಲವೂ ತಕರಾರು ಮಾಡಲಿಲ್ಲ. ಅಂಕಿ ನಾಲ್ಕು ಲಕ್ಷದ ಮೂವತ್ತೆರಡು ಸಾವಿರ. ಖಂದಾ ದಾರಿಯುದ್ದಕ್ಕೂ ಹಿಂದಿನ ಸೀಟಿನಲ್ಲಿ ಆ ಜಾಲರಿಯನ್ನು ಕಾಯುತ್ತ ಕುಳಿತಿದ್ದಳು. ತನ್ನ ಕೋಟಿನ ಅಂಚೂ ಅದಕ್ಕೆ ತಾಗಲು ಬಿಡಲಿಲ್ಲ. ದಾವಾ ತನ್ನ ಜೀಪು ಮಾರಿ ಇಂಥದ್ದೇ ಗಾಡಿ ತಗೊಳ್ಳಬೇಕಂತೆ, ನಿನ್ನ ಹತ್ತಿರ ಇನ್ನೊಂದಿದೆಯಾ ಎಂದು ಕೇಳುತ್ತಾನೆ. ಇಲ್ಲ, ಅಂಥ ಅಣ್ಣ ಒಬ್ಬನೇ ಇರುವುದು ಎಂದೆ.

ಒಂದು ಮಾತು ಎದುರಿಗೆ ಹೇಳಲಾಗಲಿಲ್ಲ, ಬರೆಯುತ್ತೇನೆ. ಹಬ್ಬದ ಬೆಳಿಗ್ಗೆ ನಿನ್ನ ಮೊಣಕೈಗಳನ್ನು ಹಿಡಿದು ವಂದಿಸಿದ ಮೇಲೆ ನೀನು ನಶ್ಯದ ಕುಪ್ಪಿ ತೆಗೆಯಲು ಪಕ್ಕಕ್ಕೆ ತಿರುಗಿ ಏನೋ ಹೇಳಿದೆ. ತುಟಿ ಕಾಣಿಸಲಿಲ್ಲ. ಮನೆತುಂಬ ಜನ. ಹಳೆಯ ಅಭ್ಯಾಸ, ತಲೆ ತಾನೇ ಆಡಲು ಹೊರಟಿತ್ತು. ಅದನ್ನು ತಡೆದೆ. ಅಷ್ಟು ಜನರ ಮುಂದೆ, "ಅಣ್ಣ, ನಂಗೆ ಕೇಳಿಸ್ಲಿಲ್ಲ, ಇನ್ನೊಂದ್ಸಲ ಹೇಳು" ಅಂದೆ.

ನೀನು ತಿರುಗಿ, ನನ್ನ ಮುಖ ನೋಡಿ, ನಿಧಾನವಾಗಿ ಹೇಳಿದೆ.

"ಚಾ ಆರೋಗ್ತಿದೆ, ಕುಡಿ."

ಅಷ್ಟೇ ಇತ್ತು ಅದು. ಇಷ್ಟು ವರ್ಷ ನಾನು ಹೆದರಿ ತಲೆಯಾಡಿಸಿದ್ದು ಇಂಥ ಮಾತುಗಳಿಗೇ ಇರಬೇಕು. ಕುಡಿದೆ ಅಣ್ಣ. ಇನ್ನೂ ಬಿಸಿ ಇತ್ತು.

ನಿನ್ನ ತಮ್ಮ
ಯಾದಂ